ಹಳದಿ-ನೀಲಿ ಕಿರೀಟ

ಟೊಲೀಡೊ ಊರಿನಲ್ಲಿ ಯಾರೂ ಯಾರ ಕುಲಗೋತ್ರ ಕೇಳುವುದಿಲ್ಲ. ಶನಿವಾರ ಯಾವ ಬಣ್ಣದ ಅಂಗಿ ಹಾಕುತ್ತೀಯ ಎಂದು ಮಾತ್ರ ಎಲ್ಲರೂ ಕೇಳುತ್ತಾರೆ. ಊರಿರುವುದು ಒಹಾಯೊ ರಾಜ್ಯದ ತುತ್ತತುದಿಯಲ್ಲಿ, ನಾಲ್ಕು ಬೀದಿ ದಾಟಿದರೆ ಮಿಷಿಗನ್. ಫುಟ್‌ಬಾಲ್ ಕಾಲ ಬಂತೆಂದರೆ ತಂತಮ್ಮ ತಂಡದ ಬಣ್ಣವೆಂದು ಒಹಾಯೊ ಕಡೆಯವರು ಕೆಂಪು ತೊಡುತ್ತಾರೆ, ಮಿಷಿಗನ್ ಕಡೆಯವರು ಹಳದಿ-ನೀಲಿ ತೊಡುತ್ತಾರೆ. ಒಂದೇ ಬೇಲಿಯ ಆಚೀಚೆ ಇದ್ದು ಹುಲ್ಲು ಕತ್ತರಿಸುವ ಯಂತ್ರ ಹಂಚಿಕೊಳ್ಳುವವರು ಕೂಡ ನವೆಂಬರ್ ಮುಗಿಯುವ ತನಕ ಮಾತು ಬಿಡುತ್ತಾರೆ.

ಕಾರ್ಪೆಟ್ ಅಂಗಡಿಯ ನಾರ್ಬರ್ಟ್ ಸೊಬೊಟ್ಕಾ ಈ ಊರಿನ ಕೆಂಪು ಬಳಗದ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಪಂದ್ಯ ಮುಗಿದ ಮೇಲೆ ಕುರ್ಚಿ ಮಡಚಿ ಗಾಡಿಗೆ ತುಂಬುವವನು, ಅದಕ್ಕಿಂತ ದೊಡ್ಡ ಅಧಿಕಾರವೇನಲ್ಲ. ಆದರೆ ಅಧಿಕಾರ ಕಡಿಮೆಯಾದಷ್ಟೂ ನಿಷ್ಠೆ ಹೆಚ್ಚಿರಬೇಕೆಂಬುದು ಲೋಕರೂಢಿ. ನೀಲಿ ಬಟ್ಟಲಿನಲ್ಲಿ ಹಳದಿ ಸಾಸಿವೆ ಗೊಜ್ಜು ತಂದಿಟ್ಟರೆಂದು ಆತ ಸ್ವಂತ ಮಗಳ ಹುಟ್ಟುಹಬ್ಬದಲ್ಲಿ ಊಟ ಬಿಟ್ಟು ಎದ್ದವನು. ಹೋದ ವರ್ಷ ಬಳಗದ ಔತಣದಲ್ಲಿ ಎರಡು ಬಿಯರ್ ಒಳಗೆ ಹೋದ ಮೇಲೆ ಕುರ್ಚಿ ಹತ್ತಿ ನಿಂತು, "ನನ್ನ ಮೈಮೇಲೆ ಹಳದಿ-ನೀಲಿ ಬಿದ್ದ ದಿನ ನನ್ನನ್ನ ಅಲ್ಲೇ ಹೂತುಬಿಡಿ" ಎಂದು ಭೀಷ್ಮಪ್ರತಿಜ್ಞೆ ಮಾಡಿದ್ದ. ಬಳಗದ ಅಧ್ಯಕ್ಷ ರಾಯ್ಸ್ ಆ ಮಾತಿಗೆ ಕಣ್ಣೊರೆಸಿಕೊಂಡಿದ್ದ. ಕುರ್ಚಿ ಹತ್ತಿ ಆಡಿದ ಮಾತು ಒಂದಲ್ಲ ಒಂದು ದಿನ ಕುರ್ಚಿಯಿಂದ ಬೀಳಿಸುತ್ತದೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾರ್ಬರ್ಟನ ಹೆಂಡತಿ ಡಾರ್ಲೀನ್ ಕೆಂಟಕಿಯವಳು, ಅವಳಿಗೆ ಈ ಬಣ್ಣದ ಹುಚ್ಚು ಅರ್ಥವಾಗದು. ಮದುವೆಯ ಇಪ್ಪತ್ತನೇ ವರ್ಷದ ಊಟದ ಹೊತ್ತಿನಲ್ಲಿ ಗಂಡ, "ಕಾರು ಲಾಕ್ ಆಗಿದೆಯಾ ನೋಡ್ಕೊಂಡು ಬರ್ತೀನಿ" ಎಂದು ಎದ್ದುಹೋಗಿ, ಹೋಟೆಲಿನ ಬಾರಿನಲ್ಲಿ ನಿಂತು ಅರ್ಧ ಪಂದ್ಯ ನೋಡಿಕೊಂಡು ಬಂದಿದ್ದ. ಅವಳ ಮುಂದೆ ಐಸ್‌ಕ್ರೀಮು ಕರಗಿ ನೀರಾಗಿತ್ತು. ಈಗ ಇಪ್ಪತ್ತೈದನೇ ವರ್ಷ. ಅವಳು ತಟ್ಟೆ ಒರೆಸುತ್ತಾ, ದನಿ ಒಂದು ಚೂರೂ ಏರಿಸದೆ ಹೇಳಿದಳು:

"ನಾರ್ಬ್, ನಂಗೆ ಒಡವೆ ಬೇಡ, ಹೂವು ಬೇಡ. ಒಂದು ಸಾಯಂಕಾಲ ಪೂರ್ತಿ ನನ್ನ ಪಕ್ಕ ಕೂತಿರು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರೋದು ಯಾವಾಗ ಅಂತ ಈ ಸಲ ಹೇಳಿ ಹೋಗಲ್ಲ."

ಕೂಗಾಡಿದ್ದರೆ ನಾರ್ಬರ್ಟ್ ಹೆದರುತ್ತಿರಲಿಲ್ಲ. ಆ ತಣ್ಣನೆಯ ದನಿಗೆ ಹೆದರಿದ. "ಫೆವಿಕಾಲ್ ಹಾಕ್ದಂಗೆ ಕೂತಿರ್ತೀನಿ" ಎನ್ನುವಂಥ ಮಾತನ್ನೇ ಅವರ ಕಡೆಯ ಅಂಟಿನ ಹೆಸರು ಹಿಡಿದು ಹೇಳಿ, ಹೆಂಡತಿಯ ಕೈಮೇಲೆ ಕೈಯಿಟ್ಟು ಆಣೆ ಮಾಡಿದ.

ಎಲ್ಲಿಗೆ ಹೋಗುವುದೆಂದು ತೀರ್ಮಾನಿಸಿದವರು ಅತ್ತೆ ಓಪಲ್. ಅವರು ಮಗಳ ಮನೆಯಲ್ಲೇ ಇರುವವರು, ಕುದುರೆಯೆಂದರೆ ಪ್ರಾಣ. ಹೆದ್ದಾರಿ ಪಕ್ಕದಲ್ಲಿ, ಹಾಸಿಗೆ ಅಂಗಡಿಗೂ ಟೈರ್ ಅಂಗಡಿಗೂ ನಡುವೆ ಒಂದು ಕೋಟೆ ಎದ್ದಿತ್ತು. ಒಳಗೆ ವೇಷದ ರಾಜ, ಆರು ಬಣ್ಣದ ಆರು ವೀರರು, ಭರ್ಜಿ ಕಾಳಗ; ನೋಡುವವರಿಗೂ ಬಣ್ಣಕ್ಕೊಂದು ಪಾಳಯ. ನೋಡುತ್ತಾ ನೋಡುತ್ತಾ ಊಟ. ಹಳೇ ರಾಜರ ಕಾಲದ ಪದ್ಧತಿಯೆಂದು ಅಲ್ಲಿ ಚಮಚ ಕೊಡುವುದಿಲ್ಲ, ಕೈಯಲ್ಲೇ ತಿನ್ನಬೇಕು. ಆ ರಾಜರ ಕಾಲದಲ್ಲಿ ಚಮಚ ಇಲ್ಲದಿದ್ದರೂ ಐಸ್ ಹಾಕಿದ ಕೋಲಾ ಮಾತ್ರ ಧಾರಾಳವಾಗಿ ಇತ್ತಂತೆ.

ಹೀಗೆ ನಾರ್ಬರ್ಟ್, ಡಾರ್ಲೀನ್, ಅತ್ತೆ ಓಪಲ್, ಕಾಲೇಜಿಗೆ ಹೋಗುವ ಮಗಳು ಟೆಸ್, ನಾಲ್ವರೂ ಒಳ್ಳೇ ಬಟ್ಟೆ ಹಾಕಿಕೊಂಡು ಕೋಟೆ ಬಾಗಿಲಿಗೆ ಬಂದರು. ಮಖಮಲ್ಲಿನ ಲಂಗ ತೊಟ್ಟ ಹುಡುಗಿ, "ಸ್ವಾಗತ ಪ್ರಭುಗಳೇ, ಏನಾದ್ರೂ ವಿಶೇಷ ಇದೆಯೇ ಇವತ್ತು?" ಎಂದು ಕೇಳಿದಳು. ಡಾರ್ಲೀನ್ ನಾಚಿಕೊಂಡು, "ಮದುವೆಯಾಗಿ ಇಪ್ಪತ್ತೈದು ವರ್ಷ" ಎಂದಳು. ಹುಡುಗಿ ಸಂತೋಷದಿಂದ ಇಬ್ಬರ ಹೆಸರೂ ಕೇಳಿ ಗೀಚಿಕೊಂಡು, ನಾಲ್ಕು ಕಾಗದದ ಕಿರೀಟ ತೆಗೆದು ಮುಂದೆ ಚಾಚಿದಳು. ಒಂದು ಪಟ್ಟೆ ಹಳದಿ, ಒಂದು ಪಟ್ಟೆ ನೀಲಿ.

ನಾರ್ಬರ್ಟ್ ಹಾವು ಕಂಡವನ ಹಾಗೆ ಎರಡು ಹೆಜ್ಜೆ ಹಿಂದೆ ಸರಿದ.

"ಬೇರೆ ಬಣ್ಣ ಇಲ್ವಾ?"

"ನಿಮ್ಮ ಸೀಟು ಹಳದಿ-ನೀಲಿ ಪಾಳಯದಲ್ಲಿ, ಪ್ರಭುಗಳೇ. ನಿಮ್ಮ ವೀರನೂ ಅದೇ ಬಣ್ಣದವನು. ಅವನ ಪರವಾಗಿ ಕೂಗಬೇಕು."

"ಕೂಗಬೇಕಾ? ನಾನಾ? ನೋಡಮ್ಮ, ಹಸಿರು ಕೊಡು, ಕಪ್ಪು ಕೊಡು. ಕಸದ ಚೀಲ ಕೊಟ್ರೂ ತಲೆಗೆ ಹಾಕ್ಕೊಳ್ತೀನಿ."

"ಬೇರೆ ಪಾಳಯಗಳೆಲ್ಲ ತುಂಬಿಹೋಗಿವೆ ಪ್ರಭುಗಳೇ."

"ನಾರ್ಬರ್ಟ್," ಎಂದರು ಅತ್ತೆ, ತಮ್ಮ ಕಿರೀಟವನ್ನು ಆಗಲೇ ಬೆಳ್ಳಿಗೂದಲ ಮೇಲೆ ಓರೆಯಾಗಿ ಕೂರಿಸಿಕೊಂಡು, "ಅದು ಕಾಗದ. ಕಚ್ಚಲ್ಲ."

ಹಿಂದೆ ಸಾಲು ಬೆಳೆಯುತ್ತಿತ್ತು. ಡಾರ್ಲೀನ್ ಅವನ ಕಡೆ ನೋಡಿದಳು. ನಾರ್ಬರ್ಟ್ ಕಿರೀಟ ಇಸಿದುಕೊಂಡು ಕೋಟಿನ ಒಳಗೆ ಅಡಗಿಸಿದ. ಒಳಗೆ ಹೇಗೂ ಕತ್ತಲೆ, ಗುರುತಿನವರು ಯಾರಿರುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಹೇಳಿಕೊಂಡು ತಲೆ ಎತ್ತುವಷ್ಟರಲ್ಲಿ ಎದುರಿಗೆ ಕೆಂಪು ಬಳಗ ನಿಂತಿತ್ತು.

ಒಬ್ಬರಲ್ಲ, ಇಬ್ಬರಲ್ಲ. ಬರುವ ಶನಿವಾರದ ದೊಡ್ಡ ಪಂದ್ಯಕ್ಕೆ ಹುರುಪು ತುಂಬಿಕೊಳ್ಳಲು ಬಳಗಕ್ಕೆ ಬಳಗವೇ ಹೆಂಡಿರು ಮಕ್ಕಳ ಸಮೇತ ಬಂದು, ಕೇಳಿ ಕೇಳಿ ಕೆಂಪು ಪಾಳಯದ ಸೀಟನ್ನೇ ಹಿಡಿದಿತ್ತು. ಮುಂದೆ ಅಧ್ಯಕ್ಷ ರಾಯ್ಸ್, ಗುಂಡಗಿನ ತಲೆಯ ಮೇಲೆ ಕೆಂಪು ಕಿರೀಟ.

"ಏನಯ್ಯಾ ಕಾರ್ಯದರ್ಶಿ, ಎಲ್ಲಿಗೆ ಅಂತಾನೂ ಕೇಳದೆ ಬರಲ್ಲ ಅಂದಿದ್ದೆ? ಯಾವ ಪಾಳಯ?"

ನಾರ್ಬರ್ಟ್ ಕೋಟಿನ ಗುಂಡಿ ಹಾಕಿಕೊಂಡ. ಹೆಂಡತಿ, ಅತ್ತೆ, ಮಗಳು ಕುದುರೆ ಲಾಯ ನೋಡಲು ಮುಂದೆ ಹೋಗಿದ್ದರು.

"ಇದೇನ್ ಕೇಳೋ ಮಾತಾ? ಕೆಂಪು."

"ಹಂಗೆ ಬಾ ದಾರಿಗೆ. ಒಳಗೆ ಸಿಗೋಣ. ನೀನೇ ಮೊದ್ಲು ಕೂಗಬೇಕು."

ಒಂದು ಸುಳ್ಳಿಗೆ ಒಂಟಿಯಾಗಿರಲು ಆಗುವುದಿಲ್ಲ, ಜೊತೆಗೆ ಇನ್ನೊಂದು ಬೇಕು. ನಾರ್ಬರ್ಟ್ ಬೆವರು ಒರೆಸಿಕೊಳ್ಳುತ್ತಾ ಪಾಯಖಾನೆಗೆ ನುಗ್ಗಿದ. ಅಲ್ಲಿ ಕೆಂಪು ಕಿರೀಟ ತೊಟ್ಟ ಒಬ್ಬ ಎತ್ತರದ ಮನುಷ್ಯ ಸಾವಧಾನವಾಗಿ ಕೈ ತೊಳೆಯುತ್ತಿದ್ದ. ಹೆಸರು ಗಿಲ್ಬರ್ಟ್; ನೆಬ್ರಾಸ್ಕಾದಿಂದ ಬಂದು ರೈತರಿಗೆ ತಗಡಿನ ಕಣಜ ಮಾರುವವನು, ಸಾಯಂಕಾಲ ಕಳೆಯಲು ಒಬ್ಬನೇ ಬಂದಿದ್ದ.

"ಸ್ವಾಮಿ, ಒಂದು ಉಪಕಾರ ಮಾಡ್ತೀರಾ? ಹತ್ತೇ ಹತ್ತು ನಿಮಿಷ ನಮ್ಮ ಸೀಟು, ಕಿರೀಟ ಬದಲಾಯಿಸ್ಕೊಳ್ಳೋಣ. ಮುಖ ತೋರಿಸಿ ಬಂದ್ಬಿಡ್ತೀನಿ."

"ನಿಮ್ಮ ಸೀಟಿನ ಪಕ್ಕ ಯಾರಿದ್ದಾರೆ?"

"ನನ್ನ ಹೆಂಡ್ತಿ. ಕಾರು ಲಾಕ್ ಮಾಡಕ್ಕೆ ಹೋಗಿದಾನೆ ಅಂತ ಹೇಳಿ."

ಪುಣ್ಯಾತ್ಮ ಎಲ್ಲ ಬಿಟ್ಟು ಅದೇ ಮಾತು ಹೇಳಿ ಕಳಿಸಿದ. ಗಿಲ್ಬರ್ಟ್‌ಗೆ ಯಾವ ಪಾಳಯವಾದರೂ ಒಂದೇ, ಕೋಳಿ ಸಿಕ್ಕರೆ ಸಾಕು. ಆಗಲಿ ಎಂದ.

ನಾರ್ಬರ್ಟ್ ಕೆಂಪು ಪಾಳಯಕ್ಕೆ ಹೋಗಿ ಎರಡು ಸಲ ಕೂಗಿದ, ರಾಯ್ಸ್‌ನಿಂದ ಬೆನ್ನು ತಟ್ಟಿಸಿಕೊಂಡ, ಇನ್ನೇನು ಏಳಬೇಕು, ಕಹಳೆ ಮೊಳಗಿತು. ಮರಳಿನ ಅಂಗಳದ ಸುತ್ತಲಿನ ಬಾಗಿಲುಗಳೆಲ್ಲ ದಡ್ ದಡ್ ಎಂದು ಮುಚ್ಚಿಕೊಂಡವು. ದ್ವಾರಪಾಲಕನೊಬ್ಬ ಈಟಿ ಅಡ್ಡ ಹಿಡಿದು ನಿಂತ.

"ಕುದುರೆ ಒಳಗೆ ಬಂದ್ಮೇಲೆ ಯಾರೂ ಪಾಳಯ ಬಿಟ್ಟು ಓಡಾಡೋ ಹಂಗಿಲ್ಲ, ಪ್ರಭುಗಳೇ. ನಿಮ್ಮ ಸುರಕ್ಷತೆಗೆ."

"ನನ್ನ ಸುರಕ್ಷತೆ ಆಚೆ ಕಡೆ ಇದೆ ಕಣಯ್ಯ," ಎಂದು ನಾರ್ಬರ್ಟ್ ಗೋಗರೆದ. ಈಟಿ ಅಲುಗಲಿಲ್ಲ.

ಅಂಗಳದ ಆಚೆ ಬದಿಯಲ್ಲಿ ಡಾರ್ಲೀನ್ ಕಾಣುತ್ತಿದ್ದಳು. ಪಕ್ಕದಲ್ಲಿ ಗಿಲ್ಬರ್ಟ್ ಹಳದಿ-ನೀಲಿ ಕಿರೀಟ ತೊಟ್ಟು, ಅರ್ಧ ಕೋಳಿಯನ್ನು ಎರಡು ಕೈಯಲ್ಲೂ ಹಿಡಿದು ಆನಂದದಲ್ಲಿದ್ದ. ಡಾರ್ಲೀನ್ ಅವನ ಕಡೆ ತಿರುಗಿ ಕೈ ಬೀಸಿ ಬೀಸಿ ಏನೋ ಹೇಳುತ್ತಲೇ ಇದ್ದಳು. ಅಷ್ಟು ದೂರಕ್ಕೆ ಮಾತು ಕೇಳಿಸದಿದ್ದರೂ ಅದು ಯಾರ ಸುದ್ದಿ ಎಂದು ನಾರ್ಬರ್ಟ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ಮುಂದೆ ಬಂದು ಕೂತ ಕೋಳಿ ಹಾಗೇ ತಣ್ಣಗಾಯಿತು.

ಆಗ ರಾಜ ಸಿಂಹಾಸನದಿಂದ ಎದ್ದ. ದೊಡ್ಡ ಗಡ್ಡದ, ದೊಡ್ಡ ಗಂಟಲಿನ ಮನುಷ್ಯ.

"ಪ್ರಜೆಗಳೇ, ಇಂದು ನಮ್ಮ ಕೋಟೆಯಲ್ಲಿ ಒಂದು ಶುಭ ಸಮಾಚಾರ. ಹಳದಿ-ನೀಲಿ ಪಾಳಯದ ನಾರ್ಬರ್ಟ್ ಮಹಾಶಯ ಮತ್ತು ಅವನ ಧರ್ಮಪತ್ನಿ ಡಾರ್ಲೀನ್ ಕೈಹಿಡಿದು ಇಂದಿಗೆ ಇಪ್ಪತ್ತೈದು ವರ್ಷ. ದಂಪತಿಗಳು ಎದ್ದು ನಿಲ್ಲಲಿ."

ದೀಪದ ಬೆಳಕು ನೇರವಾಗಿ ಹೋಗಿ ಡಾರ್ಲೀನಳ ಮೇಲೂ ಗಿಲ್ಬರ್ಟನ ಮೇಲೂ ಬಿತ್ತು. ಗಿಲ್ಬರ್ಟ್ ಸಭ್ಯ ಮನುಷ್ಯ, ರಾಜ ಏಳು ಎಂದರೆ ಏಳುವವನು. ಕೋಳಿಯ ಕಾಲು ಬಾಯಲ್ಲಿದ್ದಂತೆಯೇ ಎದ್ದು ನಿಂತ.

"ಮುತ್ತು, ಮುತ್ತು, ಮುತ್ತು," ಎಂದು ಆರು ಪಾಳಯವೂ ಮೇಜು ಕುಟ್ಟತೊಡಗಿತು.

ಗಿಲ್ಬರ್ಟ್ ಅತ್ತ ನೋಡಿದ, ಇತ್ತ ನೋಡಿದ. ಪರರ ಹೆಂಡತಿ, ಕೂಡದು. ರಾಜಾಜ್ಞೆ, ಮೀರಬಾರದು. ಕೊನೆಗೆ ಉಪಾಯ ಹೊಳೆದು, ಬಾಯಿಂದ ಕೋಳಿ ತೆಗೆದು, ಬಗ್ಗಿ ಅತ್ತೆ ಓಪಲ್ ಅವರ ಕೈಗೆ ಮುತ್ತಿಟ್ಟ. ಜನ ಹುಚ್ಚೆದ್ದು ನಕ್ಕರು. ಅತ್ತೆ ಕೈ ಹಿಂದಕ್ಕೆಳೆದುಕೊಳ್ಳಲು ಸ್ವಲ್ಪ ಹೊತ್ತು ಮಾಡಿದರು. ಮಗಳು ಟೆಸ್ ಎಲ್ಲವನ್ನೂ ಫೋನಿನಲ್ಲಿ ಹಿಡಿಯುತ್ತಿದ್ದಳು.

ಕೆಂಪು ಪಾಳಯದಲ್ಲಿ ರಾಯ್ಸ್ ಕಣ್ಣು ಕಿರಿದು ಮಾಡಿ ನೋಡಿದ.

"ಏನಯ್ಯಾ ಇದು? ನಿನ್ನ ಹೆಸರು, ನಿನ್ನ ಹೆಂಡ್ತಿ ಹೆಸರು. ಅಲ್ಲಿರೋದು ಡಾರ್ಲೀನ್ ಅಲ್ವಾ?"

"ಡಾರ್ಲೀನ್‌ಗೆ ನೆಗಡಿ. ಮನೇಲಿ ಮಲಗಿದಾಳೆ."

"ಅತ್ತೇನೂ ಥೇಟ್ ನಿನ್ನ ಅತ್ತೆ ತರ ಇದಾರಲ್ಲೋ?"

"ಲೋಕದಲ್ಲಿ ಒಂದೇ ತರ ಏಳು ಜನ ಇರ್ತಾರಂತೆ," ಎಂದ ನಾರ್ಬರ್ಟ್. ಹೆಂಡತಿಯಂಥವಳೂ ಅತ್ತೆಯಂಥವಳೂ ಒಂದೇ ಮೇಜಿಗೆ ಬಂದು ಕೂತದ್ದು ಹೇಗೆ ಎಂದು ಕೇಳುವಷ್ಟು ರಾಯ್ಸ್ ಬುದ್ಧಿವಂತನಾಗಿರಲಿಲ್ಲ. ಆದರೆ ಅವನ ಹೆಂಡತಿ ಬುದ್ಧಿವಂತೆ. ಅವಳು ನಾರ್ಬರ್ಟನನ್ನು ಮೇಲಿಂದ ಕೆಳಗೆ ನೋಡಿ, "ಥೂ" ಎಂದು ಮುಖ ತಿರುಗಿಸಿದಳು.

ಅಷ್ಟರಲ್ಲಿ ಗಿಲ್ಬರ್ಟನನ್ನು ಅಂಗಳಕ್ಕೆ ಇಳಿಸಿ, ಮಂಡಿಯೂರಿಸಿ, ರಾಜ ಅವನ ಹೆಗಲಿಗೆ ಕತ್ತಿ ಮುಟ್ಟಿಸುವುದರಲ್ಲಿದ್ದ. "ಏಳು, ವೀರ ನಾರ್ಬರ್ಟ್," ಎಂದು ಬಾಯಿ ತೆರೆದದ್ದಷ್ಟೇ, ಅತ್ತೆ ಓಪಲ್ ಮೇಜಿನ ಮೇಲೆ ಕೈಯೂರಿ ಎದ್ದು ನಿಂತರು.

"ನಿಲ್ಸಪ್ಪಾ ರಾಜ. ಅವನು ನಮ್ಮ ಅಳಿಯ ಅಲ್ಲ. ನಮ್ಮ ಅಳಿಯ ಕಾರು ಲಾಕ್ ಮಾಡಕ್ಕೆ ಹೋಗಿದಾನೆ."

ಕೋಟೆ ತುಂಬ ನಗು. ರಾಜನ ವೃತ್ತಿಯಲ್ಲಿ ಇಂಥದ್ದು ದಿನವೂ ಸಿಗುವುದಿಲ್ಲ. ಅವನು ಬಾಯಿಪಾಠ ಬದಿಗಿಟ್ಟು ಗಡ್ಡ ನೀವಿಕೊಂಡ.

"ಏನು? ಇಪ್ಪತ್ತೈದನೇ ವರ್ಷದ ದಿನ ಹೆಂಡತಿಯ ಪಕ್ಕದಲ್ಲಿ ಗಂಡನಿಲ್ಲವೇ? ವೀರರೇ, ಹುಡುಕಿ ಆ ಗಂಡನನ್ನ."

ಆರು ಬಣ್ಣದ ಆರು ವೀರರು ಕುದುರೆ ಓಡಿಸಿಕೊಂಡು ಅಂಗಳ ಸುತ್ತಿದರು. ಜನ ಚಪ್ಪಾಳೆ ತಟ್ಟುತ್ತಾ, "ನಾರ್-ಬರ್ಟ್, ನಾರ್-ಬರ್ಟ್" ಎಂದು ಕೂಗಿದರು. ರಾಯ್ಸ್ ಎಲ್ಲರಿಗಿಂತ ಜೋರಾಗಿ ಕೂಗಿದ. ಒಬ್ಬ, "ಬಾರಲ್ಲಿ ನೋಡ್ರಪ್ಪ" ಎಂದ. ಇನ್ನೊಬ್ಬ, "ಓಡಿಹೋಗಿರ್ತಾನೆ, ಬುದ್ಧಿವಂತ" ಎಂದ. ನಾರ್ಬರ್ಟ್ ಕೆಂಪು ಕಿರೀಟವನ್ನು ಹುಬ್ಬಿನ ತನಕ ಎಳೆದುಕೊಂಡು ಮೇಜಿನ ಕೆಳಗೆ ಇಳಿಯುತ್ತಾ ಹೋದ.

ಇಳಿಯುತ್ತಾ ಒಮ್ಮೆ ಆಚೆ ನೋಡಿದ. ಎಲ್ಲರೂ ನಗುತ್ತಿದ್ದರು, ಡಾರ್ಲೀನ್ ನಗುತ್ತಿರಲಿಲ್ಲ. ಬೆಳಕಿನ ನಡುವೆ ಒಬ್ಬಳೇ ನಿಂತಿದ್ದಳು. ಆಮೇಲೆ ತಲೆಯ ಮೇಲಿನ ಕಿರೀಟ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟನ್ನು ಕೈಗೆ ತೆಗೆದುಕೊಂಡಳು. ಕೋಟಿನ ಒಂದು ತೋಳು ಸಿಗದೆ ತಡವರಿಸುತ್ತಿದ್ದಳು. ಮನೆಯಲ್ಲಾದರೆ ಆ ತೋಳನ್ನು ಹಿಡಿದು ಕೊಡುತ್ತಿದ್ದವನು ನಾರ್ಬರ್ಟ್.

ಅವಳು ಹೋಗಿಬಿಡುತ್ತಾಳೆ, ನಿಜವಾಗಿ ಹೋಗಿಬಿಡುತ್ತಾಳೆ ಎಂದು ಅವನಿಗೆ ಭಯವಾಯಿತು. ಮೇಜಿನ ಅಡಿಯಿಂದ ಎದ್ದ ರಭಸಕ್ಕೆ ಲೋಟದ ಕೋಲಾವೆಲ್ಲ ರಾಯ್ಸ್‌ನ ತೊಡೆಯ ಮೇಲೆ ಸುರಿಯಿತು.

"ನಾನೇ," ಎಂದ. ಯಾರಿಗೂ ಕೇಳಿಸಲಿಲ್ಲ. ಕುರ್ಚಿ ಹತ್ತಿ ನಿಂತು ಮತ್ತೆ ಕೂಗಿದ: "ನಾನೇ ನಾರ್ಬರ್ಟ್. ಅವಳು ನನ್ನ ಹೆಂಡ್ತಿ. ಡಾರ್ಲೀನ್, ಹೋಗ್ಬೇಡ ಕಣೇ. ಬಂದೆ."

ಬೆಳಕು ತಿರುಗಿ ಅವನ ಮೇಲೆ ಬಿತ್ತು. ರಾಯ್ಸ್ ಒದ್ದೆ ಪ್ಯಾಂಟಿನ ಕಡೆಗೂ ನೋಡದೆ, "ನೆಗಡಿ ಅಂದ್ಯಲ್ಲೋ" ಎಂದಷ್ಟೇ ಹೇಳಿದ. ದ್ವಾರಪಾಲಕ ಈ ಸಲ ಈಟಿ ತೆಗೆದ. ಹಳದಿ-ನೀಲಿ ವೀರ ಕುದುರೆಯ ಮೇಲೆ ಬಂದು ಭರ್ಜಿ ಅಡ್ಡ ಹಿಡಿದ. ಹತ್ತಿರದಿಂದ ನೋಡಿದರೆ ಮೀಸೆ ಇನ್ನೂ ಸರಿಯಾಗಿ ಮೂಡದ ಯುವಕ.

"ಶತ್ರುವಿನ ಕಿರೀಟ ತೊಟ್ಟವನು ನಮ್ಮ ಪಾಳಯಕ್ಕೆ ಕಾಲಿಡುವಂತಿಲ್ಲ. ಮೊದಲು ನಮ್ಮ ಕಿರೀಟ ತೊಡು."

ಮರಳಿನ ಮೇಲೆ ಮಂಡಿಯೂರಿಕೊಂಡೇ ಇದ್ದ ಗಿಲ್ಬರ್ಟ್, ಇನ್ನು ಏಳಬಹುದೇ ಎಂದು ರಾಜನನ್ನು ಕೇಳಿ, ಎದ್ದು ಬಂದು ತನ್ನ ತಲೆಯಿಂದ ಹಳದಿ-ನೀಲಿ ಕಿರೀಟ ತೆಗೆದುಕೊಟ್ಟ. ಬೆನ್ನ ಹಿಂದೆ ಕೆಂಪು ಬಳಗ ಪೂರ್ತಿ ಎದ್ದು ನಿಂತಿರುವುದು ನಾರ್ಬರ್ಟ್‌ಗೆ ನೋಡದೆಯೇ ಗೊತ್ತಾಯಿತು. ಕೆಂಪು ಕಿರೀಟ ತೆಗೆದ, ಅದನ್ನು ಹಾಕಿಕೊಂಡ. ಭೂಮಿ ಬಾಯಿ ಬಿಡಲಿಲ್ಲ. ಯಾರೂ ಅವನನ್ನು ಹೂಳಲೂ ಬರಲಿಲ್ಲ, ಕಿರೀಟ ಮಾತ್ರ ಕಿವಿಯ ಹತ್ತಿರ ಸ್ವಲ್ಪ ಬಿಗಿಯಾಯಿತು, ಅಷ್ಟೇ.

ಹಿಂದಿನಿಂದ ಯಾರೋ ಹೆಣ ಕಂಡವರಂತೆ ನಿಟ್ಟುಸಿರು ಬಿಟ್ಟರು. ನಾರ್ಬರ್ಟ್ ಒಳ್ಳೇ ಬೂಟು ಹಾಕಿಕೊಂಡು ಮರಳಿಗಿಳಿದ. ಕುದುರೆಗಳು ಅಷ್ಟು ಹೊತ್ತು ಓಡಾಡಿ ಬಿಟ್ಟುಹೋದದ್ದನ್ನು ತುಳಿಯುತ್ತಲೇ ಅಂಗಳ ದಾಟಿದ. ಅವನ ಪಕ್ಕದಲ್ಲಿ ಗಿಲ್ಬರ್ಟ್ ಕೋಳಿಯ ಕಾಲನ್ನು ಹಿಡಿದುಕೊಂಡೇ ನಡೆದ.

"ಬೈದ್ಲಾ?" ಎಂದು ನಾರ್ಬರ್ಟ್ ಮೆಲ್ಲಗೆ ಕೇಳಿದ.

"ಉಸಿರು ತಗೊಳ್ಳಕ್ಕೂ ನಿಲ್ಲಿಸ್ಲಿಲ್ಲ. ಸೂಪಿನಿಂದ ಶುರು ಮಾಡಿದ್ರು. ಗೊರಕೆ, ಸಾಸಿವೆ ಗೊಜ್ಜು, ಕರಗಿದ ಐಸ್‌ಕ್ರೀಮು, ಎಲ್ಲಾ ಹೇಳಿದ್ರು."

"ಅಯ್ಯೋ, ಹಂಗಾದ್ರೆ ನನ್ನ ಕತೆ ಮುಗೀತು."

"ಇಲ್ಲ ಸ್ವಾಮಿ. ನಂಗೆ ಮೂರು ಮದುವೆ ಆಗಿತ್ತು. ಮೂವರೂ ನನ್ನ ಬಗ್ಗೆ ಇಷ್ಟು ಮಾತಾಡಿದವರಲ್ಲ, ಸುಮ್ನೆ ಎದ್ದು ಹೋದ್ರು. ಬೈತಿದಾರೆ ಅಂದ್ರೆ ಇನ್ನೂ ಇದಾರೆ ಅಂತ ಅರ್ಥ. ಬೇಗ ಹೋಗಿ ಕೂತ್ಕೊಳ್ಳಿ."

ಹೀಗೆಂದು ಗಿಲ್ಬರ್ಟ್ ತನ್ನ ಸ್ವಂತ ಸೀಟು ಹುಡುಕಿಕೊಂಡು ಕೆಂಪು ಪಾಳಯದ ಕಡೆ ತಿರುಗಿದ. ಅತ್ತೆ ಓಪಲ್ ಅವನು ಹೋಗುವುದನ್ನೇ ನೋಡುತ್ತಾ, "ನಾರ್ಬರ್ಟ್, ಅಂಥವರನ್ನ ಕಳಿಸಿ ನೀನ್ಯಾಕೆ ಬಂದ್ಯೋ" ಎಂದರು. ಟೆಸ್, "ಅಪ್ಪ, ನಿನ್ನ ಬೂಟು ವಾಸನೆ" ಎಂದು ಮೂಗು ಮುಚ್ಚಿಕೊಂಡಳು.

ಡಾರ್ಲೀನ್ ಕೋಟಿನ ಒಂದು ತೋಳು ಹಾಕಿಕೊಂಡು, ಇನ್ನೊಂದು ಹಾಕದೆ ನಿಂತಿದ್ದಳು.

"ಕಾರು ಲಾಕ್ ಆಗಿತ್ತಾ?" ಎಂದಳು.

"ಕಾರಿನ ಹತ್ರ ಹೋಗ್ಲಿಲ್ಲ. ಈ ಬಣ್ಣ ಹಾಕ್ಕೊಂಡು ರಾಯ್ಸ್ ಕಣ್ಣಿಗೆ ಬೀಳಬಾರ್ದು ಅಂತ ಅಲ್ಲಿ ಹೋಗಿ ಕೂತೆ. ತಪ್ಪಾಯ್ತು. ನೀನು ಕೋಟು ತಗೊಂಡಾಗ ನನ್ನ ಜೀವ ಬಾಯಿಗೆ ಬಂತು ಕಣೆ. ಇನ್ಮೇಲೆ ಹಳದಿ-ನೀಲಿನೇ ಹಾಕ್ಕೊಳ್ತೀನಿ. ಮನೆಗೂ ಅದೇ ಬಣ್ಣ ಬಳಿಸ್ತೀನಿ. ಹೋಗ್ಬೇಡ."

ಅವಳು ಅವನ ತಲೆ ನೋಡಿದಳು, ಬೂಟು ನೋಡಿದಳು. ಏನು ತೀರ್ಮಾನಿಸಿದಳೆಂದು ಮುಖದಲ್ಲಿ ಗೊತ್ತಾಗಲಿಲ್ಲ. ಕೋಟಿನ ತೋಳು ಬಿಚ್ಚಿ, ಅದನ್ನು ಕುರ್ಚಿಯ ಬೆನ್ನಿಗೆ ಹಾಕಿ ಕೂತಳು. ನಾರ್ಬರ್ಟ್ ಅವಳ ಪಕ್ಕದಲ್ಲಿ ಕುರ್ಚಿ ಮುರಿದುಹೋಗುವ ಹಾಗೆ ಕುಸಿದು ಕೂತ. ಹೋದ ಜೀವ ಬಂದಂತಾಯಿತು. ಕೋಟೆಯವರೆಲ್ಲ ಚಪ್ಪಾಳೆ ತಟ್ಟಿದರು, ರಾಜ ತನ್ನ ಬಾಯಿಪಾಠಕ್ಕೆ ಮರಳಿದ.

ಕಡೆಯ ಕಾಳಗ ಶುರುವಾಯಿತು. ಅದೃಷ್ಟಕ್ಕೆ ಉಳಿದವರು ಇಬ್ಬರೇ, ಕೆಂಪು ವೀರ ಮತ್ತು ಹಳದಿ-ನೀಲಿ ವೀರ. ನಾರ್ಬರ್ಟ್ ಕೊಟ್ಟ ಮಾತಿನಂತೆ ಹಳದಿ-ನೀಲಿಯ ಪರವಾಗಿ ಬಾಯಿ ತೆರೆದ. ಏನೋ ಒಂದು ಸದ್ದು ಹೊರಟಿತು, ಬೆಕ್ಕಿನ ಬಾಲ ತುಳಿದಂತೆ. ಸುತ್ತಲಿನವರು ತಿರುಗಿ ನೋಡಿದರು. ಆ ಕಡೆ ಕೆಂಪು ವೀರ ಭರ್ಜಿ ಎತ್ತಿ ಒಂದೇ ಏಟಿಗೆ ಎದುರಾಳಿಯನ್ನು ಕುದುರೆಯಿಂದ ಕೆಡವಿದ. ಐವತ್ತು ವರ್ಷದ ಅಭ್ಯಾಸ, ನಾರ್ಬರ್ಟನ ಎರಡು ಕೈಯೂ ತಾವಾಗಿಯೇ ಮೇಲೆ ಹೋದವು. ಅರ್ಧ ದಾರಿಯಲ್ಲಿ ನೆನಪಾಗಿ ಕೈಗಳು ಗಾಳಿಯಲ್ಲೇ ನಿಂತವು. ಅವನು ಹೆದರಿ ಹೆಂಡತಿಯ ಕಡೆ ನೋಡಿದ.

ಡಾರ್ಲೀನ್ ಅವನ ತಟ್ಟೆಗೆ ತನ್ನ ಕೋಳಿಯ ಅರ್ಧ ಭಾಗ ಮುರಿದು ಹಾಕುತ್ತಿದ್ದಳು.

"ಕೂಗು," ಎಂದಳು. "ಯಾವ ಬಣ್ಣಕ್ಕೆ ಬೇಕಾದ್ರೂ ಕೂಗ್ಕೋ, ನಂಗೇನಾಗ್ಬೇಕು. ಇಲ್ಲಿ ಕೂತು ಕೂಗು."

ನಾರ್ಬರ್ಟ್ ಹಳದಿ-ನೀಲಿ ಕಿರೀಟ ತೊಟ್ಟು, ಹಳದಿ-ನೀಲಿಯವರ ನಡುವೆ, ಕೆಂಪಿನ ಪರವಾಗಿ ಗಂಟಲು ಹರಿಯುವಂತೆ ಕೂಗಿದ. ಹಿಂದಿನ ಸಾಲಿನಿಂದ ಯಾರೋ ಮೂಳೆ ಎಸೆದರು, ಮುಂದಿನ ಸಾಲಿನಿಂದ ಯಾರೋ ಬೈದರು. ಅವನು ಎದ್ದು ಹೋಗಲಿಲ್ಲ.